ಯೂನಿಯನ್ ಚಂದಾ: ಕೊಟ್ಟ ರೊಕ್ಕಕ್ಕೆ ಪಗಾರ ಎಷ್ಟು ಏರುತ್ತದೆ?

ಸೇವೆ: ಕಾರ್ಮಿಕ ಸಂಘದ ಸದಸ್ಯತ್ವ. ಸಿಗುವ ಜಾಗ: ಹುಬ್ಬಳ್ಳಿಯ ಗೋಕುಲ ರೋಡ್, ತಾರಿಹಾಳ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶ, ಬಸ್ ಡಿಪೊಗಳು, ರೈಲ್ವೆ ವರ್ಕ್‌ಶಾಪ್, ಅಮರಗೋಳದ ಎಪಿಎಂಸಿ ಯಾರ್ಡ್, ಬ್ಯಾಡಗಿಯ ಮೆಣಸಿನಕಾಯಿ ಪೇಟೆ. ಬೆಲೆ: 1926ರ ಟ್ರೇಡ್ ಯೂನಿಯನ್ ಕಾಯ್ದೆಗೆ 2001ರಲ್ಲಿ ಬಂದ ತಿದ್ದುಪಡಿ ಇಟ್ಟಿದ್ದ ಕನಿಷ್ಠ ಚಂದಾ ವರ್ಷಕ್ಕೆ 12 ರೂಪಾಯಿ, ಅಸಂಘಟಿತರಿಗೆ 3, ಗ್ರಾಮೀಣ ಕೂಲಿಕಾರರಿಗೆ 1. ಆ ದರಕ್ಕೆ ಸಂಘ ನಡೆಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಇಲ್ಲಿನ ಲೆಕ್ಕಕ್ಕೆ ತಿಂಗಳಿಗೆ 50 ರೂಪಾಯಿ ಎಂದು ಹಿಡಿಯೋಣ, ಮೂರು ವರ್ಷಕ್ಕೆ 1,800.

ಸೇರುವವರು ಕೇಳುವ ಪ್ರಶ್ನೆ ಒಂದೇ: ಇದರಿಂದ ಪಗಾರ ಏರುತ್ತದೆಯೇ? ಪಾವತಿ (ಚಂದಾ ರಸೀದಿ) ಹರಿದು ಕೊಡುವ ಸಂಘದವರು ಹೌದು ಅನ್ನುತ್ತಾರೆ, ಎಚ್‌ಆರ್‌ನವರು ಇಲ್ಲ ಅನ್ನುತ್ತಾರೆ. ಎರಡೂ ಅರ್ಧ ಮಾತು. ಪಗಾರ ಏರಿಸುವುದು ಒಪ್ಪಂದ. ಒಪ್ಪಂದಕ್ಕೆ ಬಲ ಕೊಡುವುದು ಸದಸ್ಯರ ಎಣಿಕೆ. ಒಪ್ಪಂದ ಆದ ಮೇಲೆ ಅದರ ಲಾಭ ಚಂದಾ ಕೊಟ್ಟವನಿಗೂ ಕೊಡದವನಿಗೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಈ ಸೇವೆ ಹೇಗಿದೆ ಎಂದು ಅಳೆಯಲು ಪಾವತಿ ಪುಸ್ತಕ ಸಾಲದು, ಒಪ್ಪಂದದ ಪುಟಗಳನ್ನೇ ತಿರುವಿ ನೋಡಬೇಕು.

ಚಂದಾ ಕೊಡದವನಿಗೂ ಅದೇ ಪಗಾರ

ಕಾರ್ಮಿಕ ಇಲಾಖೆಯ ರಾಜಿ ಅಧಿಕಾರಿಯ ಮುಂದೆ ಸಹಿಯಾದ ಒಪ್ಪಂದಕ್ಕೆ ಫ್ಯಾಕ್ಟರಿ ಮಂದಿ ಈಗಲೂ 'ಟ್ವೆಲ್ವ್ ತ್ರೀ' ಅನ್ನುತ್ತಾರೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 12(3)ನೇ ಕಲಮಿನಿಂದ ಬಂದ ಹೆಸರು ಅದು. ಇಂಥ ಒಪ್ಪಂದ ಆ ಘಟಕದ ಎಲ್ಲ ಕಾರ್ಮಿಕರಿಗೂ, ನಾಳೆ ಕೆಲಸಕ್ಕೆ ಸೇರುವವರಿಗೂ ಅನ್ವಯಿಸುತ್ತದೆ. ಅಧಿಕಾರಿಯ ಕಡೆ ಹೋಗದೆ ಕಂಪನಿ ಮತ್ತು ಯೂನಿಯನ್ ತಾವೇ ಕೂತು ಮಾಡಿಕೊಂಡ 18(1) ಒಪ್ಪಂದ ಸಹಿ ಹಾಕಿದ ಪಕ್ಷಗಳನ್ನು ಮಾತ್ರ ಕಟ್ಟುತ್ತದೆ. 2025ರ ನವೆಂಬರ್ 21ರಿಂದ ಜಾರಿಯಾದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ ಕಲಮುಗಳ ನಂಬರು ಬದಲಾಯಿತು, ಈ ವ್ಯತ್ಯಾಸ ಉಳಿಯಿತು.

ಎರಡನೆಯ ಬಗೆಯಲ್ಲಿ ಒಂದು ಒಳಗುಟ್ಟಿದೆ. ಒಪ್ಪಂದವಾದ ವಾರದೊಳಗೆ ಕಂಪನಿ ಸದಸ್ಯರಲ್ಲದವರನ್ನು ಒಬ್ಬೊಬ್ಬರಾಗಿ ಕರೆದು 'ಷರತ್ತುಗಳಿಗೆ ಒಪ್ಪಿದ್ದೇನೆ' ಎಂಬ ಕಾಗದಕ್ಕೆ ಸಹಿ ಹಾಕಿಸಿ ಅದೇ ಏರಿಕೆ ಕೊಡುತ್ತದೆ. ಆಗ ಗೇಟಿನ ಚಹಾದಂಗಡಿಯಲ್ಲಿ, 'ನೋಡು, ಐವತ್ತು ರೂಪಾಯಿ ಕೊಡದೇ ನನಗೂ ಬಂತಲ್ಲ' ಎಂಬ ಮಾತು ಶುರುವಾಗುತ್ತದೆ. ಮಾತು ಸುಳ್ಳಲ್ಲ. ಆದರೆ ಹೀಗೆ ಅನ್ನುವವರ ಸಂಖ್ಯೆ ಬೆಳೆದಷ್ಟೂ ಮುಂದಿನ ಒಪ್ಪಂದ ಸೊರಗುತ್ತದೆ. ಹೊಸ ಸಂಹಿತೆಯಲ್ಲಂತೂ ಇದು ಅಂಕಿಯಲ್ಲೇ ಕಾಣುತ್ತದೆ: ಒಂದಕ್ಕಿಂತ ಹೆಚ್ಚು ಯೂನಿಯನ್ ಇರುವ ಕಡೆ, ಹಾಜರಿ ಪಟ್ಟಿಯ ಶೇ 51 ಮಂದಿ ಒಂದೇ ಯೂನಿಯನ್ನಿನಲ್ಲಿದ್ದರೆ ಮಾತುಕತೆಯ ಹಕ್ಕು ಅದೊಂದಕ್ಕೇ. ಯಾರಿಗೂ ಅಷ್ಟು ಇಲ್ಲದಿದ್ದರೆ ಶೇ 20ಕ್ಕೆ ಕಡಿಮೆಯಿಲ್ಲದ ಯೂನಿಯನ್‌ಗಳ ಪ್ರತಿನಿಧಿಗಳನ್ನು ಸೇರಿಸಿ ಮಂಡಳಿ ಆಗುತ್ತದೆ. 300 ಜನರ ಫ್ಯಾಕ್ಟರಿಯಲ್ಲಿ 153 ಸದಸ್ಯರಿದ್ದರೆ ಒಂದೇ ದನಿ. 120, 90, 45 ಎಂದು ಮೂರು ಪಾಲಾದರೆ ಮೂರನೆಯವರು ಮಂಡಳಿಯಿಂದಲೇ ಹೊರಗೆ, ಉಳಿದಿಬ್ಬರು ಮೇಜಿನ ಮೇಲೆ ಜಗಳವಾಡುತ್ತ ಕೂರುತ್ತಾರೆ, ಆಡಳಿತ ಮಂಡಳಿ ಚಹಾ ತರಿಸುತ್ತದೆ. ಐವತ್ತು ರೂಪಾಯಿ ಹೋಗುವುದು ಈ ಎಣಿಕೆಗೆ. ವೈಯಕ್ತಿಕ ಏರಿಕೆಗೆ ಅಂತ ತಿಳಿದು ಕೊಟ್ಟವರು ನಿರಾಶರಾಗುತ್ತಾರೆ.

ಯೂನಿಯನ್ ಇರುವ ಕಡೆ ಪಗಾರ ಜಾಸ್ತಿ ಎಂಬುದಕ್ಕೆ ಅಮೆರಿಕದ ಲೆಕ್ಕವನ್ನು ಬಹಳ ಮಂದಿ ಮುಂದಿಡುತ್ತಾರೆ. ಅಲ್ಲಿನ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ 2023ರಲ್ಲಿ ಪೂರ್ಣಾವಧಿ ಕೆಲಸಗಾರರಲ್ಲಿ ಸದಸ್ಯರ ಮಧ್ಯಮ ವಾರದ ಗಳಿಕೆ 1,263 ಡಾಲರ್, ಸದಸ್ಯರಲ್ಲದವರದು 1,090. ಸುಮಾರು ಶೇ 16ರ ಅಂತರ. ಇದನ್ನೇ ತಂದು ತಾರಿಹಾಳದ ಗೇಟ್ ಮೀಟಿಂಗಿನಲ್ಲಿ ಹೇಳಿದರೆ ತಪ್ಪಾಗುತ್ತದೆ. ದೊಡ್ಡ ಕಾರ್ಖಾನೆ, ಹಳೆಯ ಕಾರ್ಖಾನೆ, ಅನುಭವಸ್ಥ ಕೆಲಸಗಾರರು ಇರುವ ಕಡೆಯೇ ಯೂನಿಯನ್ ಬೇರೂರುವುದು. ಅಂಥ ಕಡೆ ಯೂನಿಯನ್ ಇಲ್ಲದಿದ್ದರೂ ಪಗಾರ ಸ್ವಲ್ಪ ಮೇಲೇ ಇರುತ್ತಿತ್ತು. ಹೋಲಿಸುವುದಾದರೆ ಅದೇ ಕೆಲಸ, ಅದೇ ಗಾತ್ರದ ಘಟಕ, ಅದೇ ಸರ್ವಿಸ್ ಇಟ್ಟು ಹೋಲಿಸಬೇಕು. ಬೇಲೂರಿನ ದೊಡ್ಡ ಅಸೆಂಬ್ಲಿ ಲೈನಿನ ಫಿಟ್ಟರ್‌ನನ್ನೂ ಗೋಕುಲ ರೋಡಿನ ಹನ್ನೆರಡು ಜನರ ಲೇತ್ ಶಾಪಿನ ಫಿಟ್ಟರ್‌ನನ್ನೂ ಎದುರುಬದುರು ನಿಲ್ಲಿಸಿ 'ಇದು ಯೂನಿಯನ್ ಮಹಿಮೆ' ಅಂದರೆ ಲೆಕ್ಕ ಕೆಟ್ಟಿತು.

4,500 ಅಂದರೆ ಎಷ್ಟು?

ಸೆಟಲ್‌ಮೆಂಟ್ ಆದ ದಿನ ಗುಲಾಲು ಹಾರುತ್ತದೆ, ಬೋರ್ಡಿನ ಮೇಲೆ 'ತಿಂಗಳಿಗೆ 4,500 ರೂ. ಏರಿಕೆ, ಮೂರು ವರ್ಷದ ಒಪ್ಪಂದ' ಎಂದು ಬರೆಯುತ್ತಾರೆ. ಈ ಸೇವೆಯನ್ನು ಅಳೆಯುವವರು ನಿಲ್ಲಬೇಕಾದ ಜಾಗ ಇದೇ. ಅಂಕಿ ಸಿಟಿಸಿ (ಕಂಪನಿಗೆ ಬೀಳುವ ಒಟ್ಟು ಖರ್ಚು) ಲೆಕ್ಕದ್ದೋ, ಗ್ರಾಸ್ (ಕಡಿತಕ್ಕೆ ಮುಂಚಿನ ಪಗಾರ) ಲೆಕ್ಕದ್ದೋ? ಬಹುಪಾಲು ಸಿಟಿಸಿ.

ಬಿಡಿಸಿ ನೋಡೋಣ. 4,500ರಲ್ಲಿ ಅರ್ಧ, ಅಂದರೆ 2,250 ಮೂಲ ವೇತನವಾದ ಬೇಸಿಕ್‌ಗೆ ಸೇರಿತು ಅನ್ನಿ. ಪೂರ್ತಿ ಬೇಸಿಕ್ ಮೇಲೆ ಪಿಎಫ್ ಕಟ್ಟುವ ಕಂಪನಿಯಾದರೆ ಮಾಲಕರ ಪಾಲು ಶೇ 12, ಅಂದರೆ 270. ಗ್ರಾಚ್ಯುಟಿಗೆ ಶೇ 4.81ರ ಲೆಕ್ಕದಲ್ಲಿ 108. ಬೋನಸ್ಸನ್ನೂ ಸಿಟಿಸಿಯೊಳಗೇ ತುರುಕಿದ್ದರೆ ಶೇ 8.33ರ ಪ್ರಕಾರ 187. ಮೂರೂ ಸೇರಿ 565 ಹೋಯಿತು, ಗ್ರಾಸ್ 3,935. ಅದರಲ್ಲಿ ಕಾರ್ಮಿಕನ ಪಾಲಿನ ಪಿಎಫ್ ಇನ್ನೊಂದು 270. ಕೈಗೆ 3,665. ಒಟ್ಟು ಪಗಾರ 21,000ದ ಒಳಗಿದ್ದರೆ ಇಎಸ್‌ಐಗೆ (ಕಾರ್ಮಿಕರ ಆರೋಗ್ಯ ವಿಮೆಗೆ) ಶೇ 0.75 ಕೂಡ ಹೋಗುತ್ತದೆ. ಅದು ಸಣ್ಣ ಮೊತ್ತ, ಇಲ್ಲಿ ಬಿಟ್ಟಿದೆ.

ಇನ್ನು ಹಂತಗಳು. ಏರಿಕೆಯ ಶೇ 60 ಮೊದಲ ವರ್ಷ, ಮುಂದಿನ ಎರಡು ವರ್ಷ ತಲಾ ಶೇ 20 (60:20:20) ಎಂದು ಒಪ್ಪಿದ್ದರೆ ಮೊದಲ ವರ್ಷ ಕೈಗೆ ಬರುವುದು 2,199, ಎರಡನೆಯ ವರ್ಷ 2,932, ಮೂರನೆಯ ವರ್ಷ 3,665. ಮೂರು ವರ್ಷದ ಒಟ್ಟು 1,05,552 ರೂಪಾಯಿ. ಮೊದಲ ದಿನದಿಂದಲೇ ಪೂರ್ತಿ ಕೊಟ್ಟಿದ್ದರೆ 1,31,940 ಆಗುತ್ತಿತ್ತು. ಹಂತ ಹಾಕಿದ್ದಕ್ಕೇ 26,388 ಕರಗಿತು. ಆದರೂ 1,800 ಚಂದಾ ಎದುರು ಒಂದು ಲಕ್ಷ ದೊಡ್ಡದೇ, ಆ ಮಾತು ಬೇರೆ. ಬೋರ್ಡಿನ ಮೇಲಿನ 4,500ಕ್ಕೂ ಮೊದಲ ತಿಂಗಳ ಪಗಾರ ಚೀಟಿಯ 2,199ಕ್ಕೂ ಅರ್ಧಕ್ಕಿಂತ ಹೆಚ್ಚು ಅಂತರವಿದೆ ಎಂದು ಗೇಟ್ ಮೀಟಿಂಗಿನಲ್ಲೇ ಬಿಡಿಸಿ ಹೇಳುವ ಯೂನಿಯನ್‌ಗೆ ಒಂದು ಅಂಕ ಹೆಚ್ಚು ಕೊಡಬಹುದು. ಹೇಳದವರು ಎರಡನೇ ತಿಂಗಳು ಬೈಸಿಕೊಳ್ಳುತ್ತಾರೆ.

ಪಿಎಫ್‌ಗೆ ಹೋದದ್ದು ಕಳೆದುಹೋದದ್ದಲ್ಲ, ಖಾತೆಯಲ್ಲಿ ಇರುತ್ತದೆ. ಬೇಸಿಕ್‌ಗೆ ಸೇರಿದ 2,250ಕ್ಕೆ ಇಪ್ಪತ್ತು ವರ್ಷದ ಸರ್ವಿಸ್ ಸಿಕ್ಕರೆ ಗ್ರಾಚ್ಯುಟಿಯಲ್ಲಿ 25,962 ರೂಪಾಯಿ ಹೆಚ್ಚು ಬರುತ್ತದೆ (2,250ನ್ನು 26ರಿಂದ ಭಾಗಿಸಿ, 15ರಿಂದಲೂ 20ರಿಂದಲೂ ಗುಣಿಸಿದರೆ). ಅದೇ ಹಣವನ್ನು ವಾಷಿಂಗ್ ಅಲೌನ್ಸ್, ಕ್ಯಾಂಟೀನ್ ಅಲೌನ್ಸ್ ಎಂದು ಚೂರುಚೂರು ಮಾಡಿದರೆ ಈ ತಿಂಗಳು ಕೈಗೆ ಸ್ವಲ್ಪ ಹೆಚ್ಚು, ನಿವೃತ್ತಿಯ ದಿನ ಕೈ ಖಾಲಿ. ವಯಸ್ಸಿನ ಹುಡುಗರು ಅಲೌನ್ಸ್ ಕೇಳುತ್ತಾರೆ, ಐವತ್ತು ದಾಟಿದವರು ಬೇಸಿಕ್ ಕೇಳುತ್ತಾರೆ. ಸಮಿತಿಯಲ್ಲಿ ಯಾವ ವಯಸ್ಸಿನವರು ಕೂತಿದ್ದಾರೆ ಅನ್ನುವುದರ ಮೇಲೆ ಒಪ್ಪಂದದ ಬಣ್ಣ ಬದಲಾಗುತ್ತದೆ. ವೇತನ ಸಂಹಿತೆ ಬಂದ ಮೇಲೆ ವೇತನದ ಲೆಕ್ಕದಿಂದ ಹೊರಗಿಡುವ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ ದಾಟಿದಷ್ಟನ್ನೂ ವೇತನವೆಂದೇ ಎಣಿಸಬೇಕು, ಹಾಗಾಗಿ ಈ ಆಟಕ್ಕೆ ಸ್ವಲ್ಪ ಮಟ್ಟಿಗೆ ಕಡಿವಾಣ ಬಿದ್ದಿದೆ.

ಇಎಸ್‌ಐನ 21,000ದ ಗೆರೆಯನ್ನು ಮರೆಯಬೇಡಿ. ಏರಿಕೆಯಿಂದ ಪಗಾರ ಆ ಗೆರೆ ದಾಟಿದರೆ, ನಡೆಯುತ್ತಿರುವ ಆರು ತಿಂಗಳ ವಂತಿಗೆ ಅವಧಿ ಮುಗಿದ ಮೇಲೆ ಕಾರ್ಮಿಕ ಇಎಸ್‌ಐನಿಂದ ಹೊರಬೀಳುತ್ತಾನೆ. ಅವನ ಹೆಂಡತಿಯ ಹೆರಿಗೆ, ತಂದೆಯ ಡಯಾಲಿಸಿಸ್ ಎಲ್ಲ ಸ್ವಂತ ಖರ್ಚು. ಗೆರೆಯ ಹತ್ತಿರ ಇರುವವರಿಗೆ ಒಪ್ಪಂದದಲ್ಲೇ ಕುಟುಂಬದ ಮೆಡಿಕ್ಲೇಮ್ ಬರೆಸದ ಯೂನಿಯನ್ 2,000 ಕೊಡಿಸಿ 20,000 ಕಳೆಯಿಸಿದಂತೆ.

ಬೋನಸ್ ವಿಷಯ ಚಿಕ್ಕದು, ಆದರೆ ಚಂದಾದ ಲಾಭ ಎದ್ದು ಕಾಣುವುದು ಅಲ್ಲೇ. ಬೋನಸ್ ಲೆಕ್ಕದ ಮಿತಿ 7,000 ಅಥವಾ ಆ ಕೆಲಸದ ಕನಿಷ್ಠ ವೇತನ, ಯಾವುದು ಹೆಚ್ಚೋ ಅದು. 'ಯಾವುದು ಹೆಚ್ಚೋ' ಎಂಬ ತುದಿಯನ್ನು ನುಂಗಿ 7,000ದ ಮೇಲೇ ಲೆಕ್ಕ ಹಾಕಿ, ದೀಪಾವಳಿಗೆ 6,997 ರೂಪಾಯಿ ಕೈಗಿಡುವ ಸಣ್ಣ ಘಟಕಗಳಿವೆ. ಕನಿಷ್ಠ ವೇತನ 13,000 ಎಂದು ಹಿಡಿದರೆ ಅದೇ ಶೇ 8.33ಕ್ಕೆ ಸಿಗಬೇಕಾದದ್ದು 12,995. ಇದನ್ನು ಕೇಳಲು ಮುಷ್ಕರ ಬೇಡ, ಕಾಯ್ದೆ ಓದಿದ ಒಬ್ಬ ಕಾರ್ಯದರ್ಶಿ ಸಾಕು.

ಡಿಎ: ಒಪ್ಪಂದ ಸೋರುವ ತೂತು

ಮೂರು ವರ್ಷದ ಒಪ್ಪಂದದ ಏರಿಕೆಯನ್ನು ಬೆಲೆ ಏರಿಕೆ ತಿನ್ನದಂತೆ ಕಾಯುವುದು ತುಟ್ಟಿಭತ್ಯೆ. ಫಿಕ್ಸೆಡ್ ಡಿಎ ಎಂದು ಬರೆದಿದ್ದರೆ ಅದು ಡಿಎ ಅಲ್ಲ, ಇನ್ನೊಂದು ಅಲೌನ್ಸ್. ಬೇಕಾದ್ದು ಗ್ರಾಹಕ ಬೆಲೆ ಸೂಚ್ಯಂಕಕ್ಕೆ ಕಟ್ಟಿದ ವೇರಿಯಬಲ್ ಡಿಎ. ಕೈಗಾರಿಕಾ ಕಾರ್ಮಿಕರ ಸೂಚ್ಯಂಕ ತಯಾರಿಸಲು ಲೇಬರ್ ಬ್ಯೂರೋ ಬೆಲೆ ಕಲೆಹಾಕುವ ದೇಶದ 88 ಕೇಂದ್ರಗಳಲ್ಲಿ ಹುಬ್ಬಳ್ಳಿ-ಧಾರವಾಡವೂ ಒಂದು. ಆದ್ದರಿಂದ ಒಪ್ಪಂದದಲ್ಲಿ 'ಸೂಚ್ಯಂಕ' ಎಂದಷ್ಟೇ ಇದ್ದರೆ ಸಾಲದು. ಅಖಿಲ ಭಾರತದ್ದೋ, ಹುಬ್ಬಳ್ಳಿ-ಧಾರವಾಡ ಕೇಂದ್ರದ್ದೋ, ಯಾವ ತಿಂಗಳುಗಳ ಸರಾಸರಿ, ಎಷ್ಟು ತಿಂಗಳಿಗೊಮ್ಮೆ ಪರಿಷ್ಕರಣೆ, ಪಾಯಿಂಟಿಗೆ ಎಷ್ಟು ರೂಪಾಯಿ, ಎಲ್ಲವೂ ಬರಹದಲ್ಲಿರಬೇಕು.

ದೊಡ್ಡ ಮೋಸ, ಅಥವಾ ದೊಡ್ಡ ಅಜಾಗ್ರತೆ, ಮೂಲ ವರ್ಷದ ಬದಲಾವಣೆಯಲ್ಲಿ ಆಗುತ್ತದೆ. ಈಗಿನ ಸರಣಿಯ ಮೂಲ 2016, ಹಿಂದಿನದು 2001. ಎರಡನ್ನೂ ಜೋಡಿಸುವ ಗುಣಕ 2.88. ಹಳೆಯ ಒಪ್ಪಂದದಲ್ಲಿ 2001ರ ಸರಣಿಯ ಪ್ರತಿ ಪಾಯಿಂಟಿಗೆ 3 ರೂಪಾಯಿ ಇತ್ತು ಅನ್ನಿ. ಹೊಸ ಸರಣಿಯಲ್ಲಿ ಸೂಚ್ಯಂಕ 5 ಪಾಯಿಂಟ್ ಏರಿದರೆ ಹಳೆಯ ಲೆಕ್ಕದಲ್ಲಿ ಅದು 14.4 ಪಾಯಿಂಟ್, ಡಿಎ 43 ರೂಪಾಯಿ 20 ಪೈಸೆ ಏರಬೇಕು. ಗುಣಕ ಬರೆಸುವುದನ್ನು ಮರೆತರೆ ಏರುವುದು 15 ರೂಪಾಯಿ. ಒಂದು ಸಲದ ಅಂತರ 28 ರೂಪಾಯಿ ಅಂತ ನಗಬೇಡಿ, ಪ್ರತಿ ಪರಿಷ್ಕರಣೆಗೂ ಅದು ಒಂದರ ಮೇಲೊಂದು ಕೂಡುತ್ತ ಹೋಗುತ್ತದೆ.

ಇನ್ನೊಂದು ಸಾಲನ್ನು ಬೆರಳಿಟ್ಟು ಹುಡುಕಬೇಕು: 'ಸರ್ಕಾರ ಕನಿಷ್ಠ ವೇತನ ಏರಿಸಿದರೆ ಆ ಏರಿಕೆಯನ್ನು ಈ ಒಪ್ಪಂದದ ಏರಿಕೆಯಲ್ಲಿ ಹೊಂದಿಸಿಕೊಳ್ಳಲಾಗುವುದು.' ಈ ಸಾಲಿದ್ದರೆ ಕಡಿಮೆ ಪಗಾರದ ಹೆಲ್ಪರ್‌ಗಳಿಗೆ ಎರಡನೆಯ ಮೂರನೆಯ ವರ್ಷದ ಹಂತ ಬಂದರೂ ಬರದಂತೆ. ಸರ್ಕಾರ ಹೇಗೂ ಕೊಡಿಸಬೇಕಿದ್ದದ್ದನ್ನೇ ಯೂನಿಯನ್ ಗೆದ್ದ ಏರಿಕೆ ಎಂದು ಬೋರ್ಡಿಗೆ ಹಾಕಿದ ಹಾಗಾಯಿತು.

ಪ್ರೊಡಕ್ಷನ್ ಕಲಮು

ಏರಿಕೆಯ ಜತೆಗೆ ಕಂಪನಿ ಕೇಳುವುದು ಹೆಚ್ಚುವರಿ ಉತ್ಪಾದನೆ. ಪಾಳಿಗೆ 200 ಪೀಸ್ ತೆಗೆಯುತ್ತಿದ್ದವನು 220 ತೆಗೆಯಬೇಕು. ತಿಂಗಳಿಗೆ 26 ದಿನ, 18,000 ಪಗಾರ ಇದ್ದಾಗ ಪೀಸಿಗೆ ಬೀಳುತ್ತಿದ್ದದ್ದು 3.46 ರೂಪಾಯಿ. ಮೊದಲ ವರ್ಷದ ಏರಿಕೆ ಸೇರಿ 20,199 ಆದಾಗ, 220 ಪೀಸಿನ ಲೆಕ್ಕದಲ್ಲಿ 3.53. ಪಗಾರ ಶೇ 12 ಏರಿತು, ಬೆವರಿನ ಬೆಲೆ ಏರಿದ್ದು ಶೇ 2. ಹೊಸ ಫಿಕ್ಚರ್ ಹಾಕಿಯೋ ಹೊಸ ಮೆಷಿನ್ ತಂದೋ 20 ಪೀಸ್ ಹೆಚ್ಚಾಗುವುದಾದರೆ ತಕರಾರಿಲ್ಲ. ಚಹಾದ ಬಿಡುವಿನಿಂದ ಐದು, ಟೂಲ್ ಬದಲಿಸುವ ಸಮಯದಿಂದ ಐದು ನಿಮಿಷ ಕತ್ತರಿಸಿ ತೆಗೆಯುವುದಾದರೆ ಅದು ಏರಿಕೆಯಲ್ಲ, ಓಟಿ (ಓವರ್‌ಟೈಮ್) ಹಣ ಇಲ್ಲದ ಓಟಿ. ಟೈಮ್ ಸ್ಟಡಿ (ಒಂದು ಪೀಸಿಗೆ ಹಿಡಿಯುವ ಸಮಯದ ಅಳತೆ) ಯಾರು ಮಾಡಿದರು, ಯೂನಿಯನ್ ಕಡೆಯವರು ಸ್ಟಾಪ್‌ವಾಚ್ ಹಿಡಿದು ಪಕ್ಕದಲ್ಲಿ ನಿಂತಿದ್ದರೋ ಇಲ್ಲವೋ ಎಂದು ಕೇಳಿದರೆ ಸಂಘದ ಯೋಗ್ಯತೆ ಗೊತ್ತಾಗುತ್ತದೆ.

ಎಲ್ಲರಿಗೂ ಸಮನಾದ ಏರಿಕೆ ಅನ್ನುವುದು ನಮ್ಮ ಕಡೆಯ ಯೂನಿಯನ್‌ಗಳ ಹಳೆಯ ರೂಢಿ, ಅದಕ್ಕೆ ಕಾರಣವೂ ಇದೆ: ಮತ ಹಾಕುವವರಲ್ಲಿ ಕಡಿಮೆ ಪಗಾರದವರೇ ಹೆಚ್ಚು. 3,000 ರೂಪಾಯಿ ಸಮನಾಗಿ ಕೊಟ್ಟರೆ 14,000ದ ಹೆಲ್ಪರ್‌ಗೆ ಶೇ 21, 32,000ದ ಟೂಲ್‌ರೂಮ್ ಫಿಟ್ಟರ್‌ಗೆ ಶೇ 9. ಹೆಲ್ಪರ್ ಮಟ್ಟಿಗೆ ಯೂನಿಯನ್ ಬಲು ಅಗ್ಗದ ಸರಕು. ಟೂಲ್‌ರೂಮಿನವನಿಗೆ ಹೊರಗಿನ ಮಾರುಕಟ್ಟೆಯಲ್ಲೇ ಒಳ್ಳೆಯ ದರ ಇರುತ್ತದೆ, ಅವನು ಮುನಿಸಿಕೊಂಡು ದೂರ ಸರಿಯುತ್ತಾನೆ. ಆಗ ಕಂಪನಿ ಅವನಿಗೆ 'ಎಕ್ಸಿಕ್ಯುಟಿವ್' ಎಂಬ ಹೆಸರು ಕೊಟ್ಟು ಕಾರ್ಮಿಕರ ಪಟ್ಟಿಯಿಂದಲೇ ತೆಗೆಯುತ್ತದೆ. ಮುಷ್ಕರವಾದರೆ ಮೆಷಿನ್ ನಡೆಸಬಲ್ಲವರು ಇವರೇ ಎಂದು ಕಂಪನಿಗೆ ಗೊತ್ತು, ಯೂನಿಯನ್‌ಗೆ ತಡವಾಗಿ ಗೊತ್ತಾಗುತ್ತದೆ. ಒಂದಿಷ್ಟು ಸಮ ಮೊತ್ತ, ಒಂದಿಷ್ಟು ಬೇಸಿಕ್‌ನ ಶೇಕಡಾವಾರು, ಸರ್ವಿಸ್ ವೆಯ್ಟೇಜ್ (ದುಡಿದ ವರ್ಷಗಳಿಗೆ ತಕ್ಕ ಹೆಚ್ಚುವರಿ) ಎಂದು ಮೂರು ಭಾಗ ಮಾಡಿದ ಒಪ್ಪಂದಗಳು ಹೆಚ್ಚು ದಿನ ಬಾಳುತ್ತವೆ.

ಗುತ್ತಿಗೆಯವರ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ, ಅದೇ ಬೇಸರದ ಸಂಗತಿ. ಒಂದೇ ಲೈನಿನಲ್ಲಿ ಒಂದೇ ಸ್ಪ್ಯಾನರ್ ಹಿಡಿದರೂ ಖಾಯಂ ಕಾರ್ಮಿಕರ ಒಪ್ಪಂದ ಗುತ್ತಿಗೆದಾರನ ಹಾಜರಿ ಪಟ್ಟಿಯವರನ್ನು ಮುಟ್ಟುವುದಿಲ್ಲ. ಅವರನ್ನು ಸದಸ್ಯರಾಗಿ ಸೇರಿಸಿಕೊಳ್ಳದ ಯೂನಿಯನ್ ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಳ್ಳುತ್ತದೆ: ಖಾಯಂ ಪಗಾರ ಏರಿದಷ್ಟೂ ನಿವೃತ್ತರಾದವರ ಜಾಗಕ್ಕೆ ಗುತ್ತಿಗೆಯವರನ್ನು ತರುವ ಆಸೆ ಕಂಪನಿಗೆ ಏರುತ್ತದೆ. ಅಪ್ರೆಂಟಿಸ್‌ಗಳ ಕಥೆ ಇನ್ನೂ ಕಷ್ಟ, 1961ರ ಕಾಯ್ದೆ ಅವರನ್ನು ಕಾರ್ಮಿಕರೆಂದೇ ಎಣಿಸುವುದಿಲ್ಲ.

ಬಸ್ಸು, ರೈಲು

ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಗೋಕುಲ ರೋಡಿನಲ್ಲೇ ಇದೆ, ಆದರೆ ಡ್ರೈವರ್-ಕಂಡಕ್ಟರ್‌ಗಳ ಪಗಾರ ತೀರ್ಮಾನವಾಗುವುದು ಬೆಂಗಳೂರಿನಲ್ಲಿ. ರೂಢಿಯಂತೆ ನಾಲ್ಕು ವರ್ಷಕ್ಕೊಮ್ಮೆ ಪರಿಷ್ಕರಣೆ. 2020ರ ಜನವರಿ 1ರಿಂದ ಆಗಬೇಕಿದ್ದದ್ದು ಆಗಲಿಲ್ಲ. 2021ರ ಏಪ್ರಿಲ್‌ನಲ್ಲಿ ಹದಿನೈದು ದಿನ ಬಸ್ಸುಗಳು ನಿಂತವು. ಕಡೆಗೆ ಶೇ 15ರ ಏರಿಕೆ 2023ರ ಮಾರ್ಚ್ 1ರಿಂದ ಬಂತು. ನಡುವಿನ 38 ತಿಂಗಳ ಬಾಕಿಗಾಗಿ 2025ರ ಆಗಸ್ಟ್ 5ರಂದು ಮತ್ತೆ ಮುಷ್ಕರ ನಡೆಯಿತು, ಹೈಕೋರ್ಟ್ ತಡೆ ಬಂದು ನಿಂತಿತು. ಪಗಾರ ಒಪ್ಪಂದದಲ್ಲಿ ಶೇಕಡಾವಾರಿಗಿಂತ 'ಜಾರಿ ದಿನಾಂಕ' ಎಷ್ಟು ಭಾರ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಡ. ಖಾಸಗಿ ಫ್ಯಾಕ್ಟರಿಯಲ್ಲೂ ಅದೇ: ಹಳೆಯ ಒಪ್ಪಂದ ಮುಗಿದು ಎಂಟು ತಿಂಗಳಿಗೆ ಹೊಸದಕ್ಕೆ ಸಹಿಯಾಗಿ, ಬಾಕಿಯ ಬದಲು 5,000 ಇಡಿಗಂಟು ಕೊಟ್ಟರೆ, ಮೇಲಿನ ಉದಾಹರಣೆಯಲ್ಲಿ 17,592 ಬರಬೇಕಿದ್ದವನಿಗೆ 12,592 ಖೋತಾ.

ರೈಲ್ವೆಯಲ್ಲಿ ಪಗಾರಕ್ಕೂ ಚಂದಾಕ್ಕೂ ನೇರ ನಂಟಿಲ್ಲ. ಪಗಾರ ವೇತನ ಆಯೋಗದಿಂದ ಬರುತ್ತದೆ, ಹುಬ್ಬಳ್ಳಿ ವರ್ಕ್‌ಶಾಪಿನ ಸದಸ್ಯನಿಗೂ ಸದಸ್ಯನಲ್ಲದವನಿಗೂ ಒಂದೇ ಪಗಾರ ಕೋಷ್ಟಕ (ಮ್ಯಾಟ್ರಿಕ್ಸ್). ಅಲ್ಲಿ ಚಂದಾ ಕೊಂಡುತರುವುದು ಬೇರೆ ಸರಕು: ಪಿಎನ್‌ಎಂ (ಆಡಳಿತ ಮತ್ತು ಯೂನಿಯನ್ ನಡುವಿನ ಖಾಯಂ ಮಾತುಕತೆ) ಸಭೆಯಲ್ಲಿ ಬಡ್ತಿ, ವರ್ಗಾವಣೆ, ಕ್ವಾರ್ಟರ್ಸ್, ತಪ್ಪಾಗಿ ಕಟ್ಟಾದ ಭತ್ಯೆಗಳನ್ನು ಎತ್ತುವ ಹಕ್ಕು. ಆ ಮೇಜಿಗೆ ಯಾರು ಕೂರಬೇಕೆಂದು ಗುಪ್ತ ಮತದಾನದಿಂದ ತೀರ್ಮಾನವಾಗುತ್ತದೆ. ಹಿಂದಿನದು 2024ರ ಡಿಸೆಂಬರ್‌ನಲ್ಲಿ ಆಯಿತು. ಬಡ್ತಿ ಎರಡು ವರ್ಷ ಮುಂಚೆ ಬಂದರೆ ಅದೂ ಪಗಾರವೇ ತಾನೇ ಎಂದು ವಾದಿಸಬಹುದು, ವಾದದಲ್ಲಿ ಹುರುಳಿದೆ.

ಹಮಾಲರ ಬಿಲ್ಲೆ

ಅಮರಗೋಳ, ಬ್ಯಾಡಗಿ, ಗದಗ, ರಾಣೆಬೆನ್ನೂರಿನ ಯಾರ್ಡುಗಳಲ್ಲಿ ವಿಷಯವೇ ಬೇರೆ. ಹಮಾಲಿ ಚೀಲದ ಲೆಕ್ಕ, ತಿಂಗಳ ಪಗಾರವೆಂಬುದಿಲ್ಲ. ಎಪಿಎಂಸಿ ಲೈಸೆನ್ಸ್, ಗುಂಪಿನ ಪಾಳಿ, ಸಂಘ ಮೂರೂ ಹೆಣೆದುಕೊಂಡಿರುತ್ತವೆ. ಒಳಗಿರುವವನಿಗೆ ದರ ಗಟ್ಟಿ. ಹೊರಗಿನವನಿಗೆ ದರವಲ್ಲ, ಕೆಲಸವೇ ಇಲ್ಲ. ಈ ಬೇಲಿಯಿಂದಲೇ ದರ ನಿಲ್ಲುತ್ತದೆ ಎಂಬುದು ನಿಜ, ಸುಗ್ಗಿಯಲ್ಲಿ ಹಳ್ಳಿಯಿಂದ ಬಂದ ಕೂಲಿಯವನು ಬೇಲಿಯ ಆಚೆ ಕಡಿಮೆ ದರಕ್ಕೆ ಬೆನ್ನು ಕೊಡುತ್ತಾನೆ ಎಂಬುದೂ ನಿಜ.

ದರಪಟ್ಟಿ ಓದುವಾಗ ನೋಡಬೇಕಾದದ್ದು ಚೀಲದ ತೂಕ. 50 ಕಿಲೋ ಚೀಲಕ್ಕೆ ಗೊತ್ತಾದ ದರದಲ್ಲೇ 60 ಕಿಲೋ ಎತ್ತಿಸಿದರೆ ಕಿಲೋ ಲೆಕ್ಕದಲ್ಲಿ ಕೂಲಿ ಶೇ 16ಕ್ಕಿಂತ ಹೆಚ್ಚು ಇಳಿದಂತೆ, ಬೆನ್ನಿಗೆ ಬಿದ್ದ ಭಾರ ಲೆಕ್ಕಕ್ಕೆ ಬಂದೇ ಇಲ್ಲ. ಒಳ್ಳೆಯ ಸಂಘದ ದರಪಟ್ಟಿಯಲ್ಲಿ ಇಳಿಸುವುದು, ಸುರಿಯುವುದು, ತೂಕಕ್ಕಿಡುವುದು, ಹೊಲಿಯುವುದು, ಥಪ್ಪಿ (ಚೀಲದ ಮೇಲೆ ಚೀಲ) ಒಟ್ಟುವುದು, ಲಾರಿಗೆ ಹೇರುವುದು ಬೇರೆ ಬೇರೆ ಸಾಲುಗಳಲ್ಲಿರುತ್ತವೆ. ಥಪ್ಪಿಯ ಎತ್ತರ ಏರಿದ ಹಾಗೆ ದರ ಏರುವ ಸಾಲೂ ಇರುತ್ತದೆ. ಎಲ್ಲವನ್ನೂ 'ಹಮಾಲಿ' ಎಂಬ ಒಂದೇ ಸಾಲಿಗೆ ಸೇರಿಸಿದ ಪಟ್ಟಿಯಿದ್ದರೆ ನಡುವಿನ ಎರಡು ಕೆಲಸ ಪುಕ್ಕಟೆ ನಡೆಯುತ್ತಿವೆ ಎಂದು ತಿಳಿಯಬಹುದು.

ಕಟ್ಟಡ ಕಾರ್ಮಿಕರ ಕೆಲವು ಸಂಘಗಳು ಮಾರುವುದು ಪಗಾರವನ್ನಲ್ಲ, ಲೇಬರ್ ಕಾರ್ಡನ್ನು. ಕಲ್ಯಾಣ ಮಂಡಳಿಯ ನೋಂದಣಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದ ದೃಢೀಕರಣ ಬೇಕು, ಅದನ್ನು ಮಾಡಿಸಿಕೊಡುತ್ತಾರೆ. ಮಕ್ಕಳ ಸ್ಕಾಲರ್‌ಶಿಪ್‌ಗೆ ಪ್ರಯೋಜನ ಉಂಟು. ಗಾರೆಯವನ ದಿನಗೂಲಿ ಇದರಿಂದ ಒಂದು ರೂಪಾಯಿಯೂ ಏರುವುದಿಲ್ಲ.

ಮುಷ್ಕರದ ಲೆಕ್ಕ

ಚಂದಾ 50 ರೂಪಾಯಿ ಅನ್ನುವುದು ಪೂರ್ತಿ ಬೆಲೆಯಲ್ಲ. ಹದಿನೈದು ದಿನ ಗೇಟಿನ ಹೊರಗೆ ಕೂತರೆ, ನಡುವೆ ಎರಡು ರವಿವಾರ ಬಿಟ್ಟು 13 ದಿನದ ಪಗಾರ, 18,000ದವನಿಗೆ ಸರಿಯಾಗಿ 9,000 ಹೋಗುತ್ತದೆ. ಮುಷ್ಕರದಿಂದಲೇ 2,199 ಬಂದಿದ್ದರೆ ನಾಲ್ಕು ತಿಂಗಳು ದಾಟುತ್ತಲೇ ಹೊರೆ ಇಳಿಯಿತು. ಆದರೆ ಕಂಪನಿ 1,899ಕ್ಕೆ ಮೊದಲೇ ಒಪ್ಪಿದ್ದು, ಮುಷ್ಕರ ಮಾಡಿ ಗಳಿಸಿದ್ದು 300 ಮಾತ್ರ ಆಗಿದ್ದರೆ? 30 ತಿಂಗಳು ಬೇಕು, ಅಷ್ಟರಲ್ಲಿ ಒಪ್ಪಂದವೇ ಮುಗಿಯುತ್ತ ಬಂದಿರುತ್ತದೆ. ಕಡೆಯ ಆಫರ್ ಎಷ್ಟಿತ್ತು ಎಂದು ಸಭೆಗೆ ತಿಳಿಸದೆ 'ನಡೀರಿ ಗೇಟಿಗೆ' ಅನ್ನುವ ನಾಯಕರಿಗೆ ಈ ಲೆಕ್ಕ ಗೊತ್ತಿರುವುದಿಲ್ಲ, ಅಥವಾ ಚೆನ್ನಾಗಿ ಗೊತ್ತಿರುತ್ತದೆ. ಹೊಸ ಸಂಹಿತೆಯಲ್ಲಿ ಯಾವುದೇ ಕೈಗಾರಿಕಾ ಘಟಕದಲ್ಲಿ ಮುಷ್ಕರಕ್ಕೆ 14 ದಿನ ಮುಂಚೆ ನೋಟಿಸ್ ಕೊಡಬೇಕು. ಅರ್ಧಕ್ಕರ್ಧ ಕಾರ್ಮಿಕರು ಒಟ್ಟಿಗೇ ಕ್ಯಾಶುಯಲ್ ಲೀವ್ ಹಾಕಿದರೂ ಅದು ಮುಷ್ಕರವೇ. 'ಎಲ್ಲರೂ ಒಂದಿನ ಸೂಟಿ ಹಾಕೋಣ' ಎಂಬ ಹಳೆಯ ಉಪಾಯ ಈಗ ದುಬಾರಿ.

ಪಾವತಿ ಹರಿಸುವ ಮುಂಚೆ

ನೋಂದಣಿ ಸಂಖ್ಯೆ ಪಾವತಿಯ ಮೇಲೆ ಅಚ್ಚಾಗಿದೆಯೇ ನೋಡಿ. ನೋಂದಣಿಗೆ ಘಟಕದ ಶೇ 10 ಅಥವಾ 100 ಕಾರ್ಮಿಕರು, ಯಾವುದು ಕಡಿಮೆಯೋ ಅಷ್ಟು ಸದಸ್ಯರು ಬೇಕು, ಏಳಕ್ಕಿಂತ ಕಡಿಮೆ ಇರಬಾರದು: 60 ಜನರ ಘಟಕದಲ್ಲಿ ಏಳು, 1,400 ಜನರ ಕಡೆ ನೂರು. ಪ್ರೊಬೇಷನ್‌ನಲ್ಲಿ ಇರುವವರ ಸಹಿಯನ್ನು ಮೊದಲ ಅರ್ಜಿಗೆ ಹಾಕಿಸುವ ಸಂಘಟಕರಿಂದ ದೂರವಿರಿ. ಖಾಯಂ ಆಗದವರನ್ನು ತೆಗೆಯಲು ಕಂಪನಿಗೆ ಕಾರಣ ಹುಡುಕುವ ಕೆಲಸವೂ ಇರುವುದಿಲ್ಲ, ಅರ್ಜಿಯ ನಕಲು ಎಚ್‌ಆರ್ ಮೇಜಿಗೆ ಮುಟ್ಟಲು ಎರಡು ದಿನ ಸಾಕು.

ಚಂದಾವನ್ನು ಪಗಾರದಿಂದಲೇ ಕಡಿತ ಮಾಡಿಸುವುದಾದರೆ ಲಿಖಿತ ಒಪ್ಪಿಗೆ ಬೇಕೇಬೇಕು. ಖಾಲಿ ಫಾರ್ಮಿಗೆ ಸಹಿ ಹಾಕಬೇಡಿ, ಮೊತ್ತ ಮತ್ತು ದಿನಾಂಕ ನೀವೇ ತುಂಬಿ. ಒಪ್ಪಂದವಾದ ಮೇಲೆ ಬಾಕಿಯಲ್ಲಿ ಒಂದು ಪಾಲು 'ಹೋರಾಟ ನಿಧಿ' ಎಂದು ಹಿಡಿಯುವ ಪದ್ಧತಿ ಕೆಲವೆಡೆ ಇದೆ. ಅದಕ್ಕೆ ಜನರಲ್ ಬಾಡಿಯ ಠರಾವು ಕೇಳಿ. ರಾಜಕೀಯ ನಿಧಿಗೆ ಪ್ರತ್ಯೇಕ ಖಾತೆ ಇರಬೇಕು, ಅದಕ್ಕೆ ಕೊಡೆನೆಂದ ಸದಸ್ಯನನ್ನು ಹೊರಗಿಡುವಂತಿಲ್ಲ.

ಲೆಕ್ಕದ ಪುಸ್ತಕ, ಸದಸ್ಯರ ಪಟ್ಟಿ ಎರಡನ್ನೂ ನೋಡುವ ಹಕ್ಕು ಪ್ರತಿ ಸದಸ್ಯನಿಗೂ ಇದೆ. ಹಿಂದಿನ ಒಪ್ಪಂದದ ಪೂರ್ತಿ ಪ್ರತಿ ಕೇಳಿ, ಒಂದು ಪುಟದ ಸಾರಾಂಶ ಬೇಡ. ಮೊದಲು ಜಾರಿ ದಿನಾಂಕ, ಆಮೇಲೆ ಡಿಎ ಕಲಮು, ಆಮೇಲೆ ಪ್ರೊಡಕ್ಷನ್ ಕಲಮು, ಕಡೆಗೆ ಮೊತ್ತ, ಈ ಕ್ರಮದಲ್ಲಿ ಓದಿ. ಪ್ರತಿ ಕೊಡಲು 'ಅಧ್ಯಕ್ಷರು ಊರಲ್ಲಿಲ್ಲ' ಅಂದರೆ ಮುಂದಿನ ತಿಂಗಳ ಚಂದಾವನ್ನೂ ಅಧ್ಯಕ್ಷರು ಊರಿಗೆ ಬಂದ ಮೇಲೆ ಕೊಡಬಹುದು.